ಒಂದೂವರೆ ಕೈ ಕತ್ತಿ: ತೂಕ, ಸಮತೂಕ ನೋಡಿದ್ರೆ ಸಾಕಾ? ಇನ್ನೇನು ಕೇಳಬೇಕು?

ಎಳೆಮೊನೆ
ಕೊಳ್ಳೋಕೆ ನೋಡ್ತಿರೋ, 15ನೇ ಶತಮಾನದ ಯುರೋಪಿನ ಲಾಂಗ್‌ಸೋರ್ಡ್ (ಒಂದೂವರೆ ಕೈ ಕತ್ತಿ) ಮಾದರಿಯ ಎರಡು ಕತ್ತಿಗಳ ಅಳತೆ ಕೊಡ್ತಿದ್ದೀನಿ.

ಅ) ಒಟ್ಟು ಉದ್ದ 116 ಸೆಂ.ಮೀ., ಅಲಗು 91 ಸೆಂ.ಮೀ., ತೂಕ 1.42 ಕೆಜಿ. ಸಮತೂಕದ ಬಿಂದು (ಬೆರಳ ಮೇಲಿಟ್ಟರೆ ಕತ್ತಿ ವಾಲದೆ ನಿಲ್ಲೋ ಜಾಗ) ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ 9 ಸೆಂ.ಮೀ. ಮುಂದೆ. ಅಲಗಿನ ದಪ್ಪ ಬುಡದಲ್ಲಿ 6.4 ಮಿ.ಮೀ., ನಡುವೆ 4.3, ಮೊನೆಯ ಹತ್ತಿರ 2.6.

ಆ) ಉದ್ದ ಅಷ್ಟೇ. ತೂಕ 1.78 ಕೆಜಿ. ಸಮತೂಕದ ಬಿಂದು 8 ಸೆಂ.ಮೀ. ದಪ್ಪ ಉದ್ದಕ್ಕೂ 5 ಮಿ.ಮೀ.

ಬಿಂದು ಹಿಡಿಗೆ ಹತ್ತಿರ ಇರೋದ್ರಿಂದ ‘ಆ’ ಚುರುಕು ಅಂತ ಮಾರುವವರ ವಾದ. ನಿಜವಾ? ಮತ್ತೆ ಒಂದು ಸಣ್ಣ ಪ್ರಶ್ನೆ: ಇದಕ್ಕೆ ‘ಒಂದೂವರೆ ಕೈ’ ಅನ್ನೋದು ಯಾಕೆ?

ತಕ್ಕಡಿ
ನಿಜ ಅಲ್ಲ. ಸಮತೂಕದ ಬಿಂದುವನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಎಳೆದು ತರಬಹುದು. ಪಾಮೆಲ್ ಅಂದರೆ ಹಿಡಿಯ ತುದಿಯ ಗುಂಡನ್ನು ದಪ್ಪ ಮಾಡಿದರೆ ಆಯಿತು.

ಲೆಕ್ಕ ಹಾಕಿ ನೋಡಿ. 1.4 ಕೆಜಿ ಕತ್ತಿ, ಬಿಂದು 10 ಸೆಂ.ಮೀ. ಮುಂದೆ. ಅಡ್ಡಪಟ್ಟಿಯಿಂದ 22 ಸೆಂ.ಮೀ. ಹಿಂದಿರುವ ಪಾಮೆಲ್‌ಗೆ 100 ಗ್ರಾಂ ಸೇರಿಸಿ. (1400 × 10 − 100 × 22) ÷ 1500 = 7.9. ಬಿಂದು ಎರಡು ಸೆಂ.ಮೀ. ಹಿಂದೆ ಬಂತು, ಅಲಗಿನಿಂದ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಜಾಹೀರಾತಿನಲ್ಲಿ ಮಾತ್ರ ಕತ್ತಿ ‘ಚುರುಕು’ ಆಯಿತು.

ಬೀಸಿದ ಕತ್ತಿಯನ್ನು ನಡುದಾರಿಯಲ್ಲಿ ತಡೆದು ಬೇರೆ ಕಡೆ ತಿರುಗಿಸುವಾಗ ಮಣಿಕಟ್ಟಿಗೆ ಎದುರಾಗುವುದು ಜಡತ್ವ. ಅದು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮುಂದಿನ ಕೈಯಿಂದ 90 ಸೆಂ.ಮೀ. ದೂರದ ಮೊನೆಯಲ್ಲಿ 100 ಗ್ರಾಂ, 20 ಸೆಂ.ಮೀ. ದೂರದ ಪಾಮೆಲ್‌ನಲ್ಲಿ 100 ಗ್ರಾಂ: ಮೊದಲನೆಯದರ ಜಡತ್ವ ಎರಡನೆಯದರ 20 ಪಟ್ಟು. ಮೊನೆಯ ಕಡೆ ಉಳಿದ ಉಕ್ಕಿನ ಕಾಟವನ್ನು ಪಾಮೆಲ್ ತೀರಿಸಲಾರದು, ಮುಚ್ಚಿಡಬಲ್ಲದು ಅಷ್ಟೇ.

‘ಆ’ ಕತ್ತಿಯ ಕಥೆ ಅದರ ‘ಉದ್ದಕ್ಕೂ 5 ಮಿ.ಮೀ.’ ಎಂಬಲ್ಲೇ ಇದೆ. ಪಟ್ಟಿ ಉಕ್ಕು ತಂದು ಆಕಾರ ಕತ್ತರಿಸಿದ್ದಾರೆ, ದಪ್ಪ ಇಳಿಸುವ ಕೂಲಿ ಉಳಿಸಿದ್ದಾರೆ, ಮುಂದೆ ವಾಲಿದ್ದಕ್ಕೆ ಹಿಂದೆ ಗುಂಡು ಕಟ್ಟಿದ್ದಾರೆ. ಹೆಚ್ಚುವರಿ 360 ಗ್ರಾಂ ಬಂದದ್ದು ಹೀಗೆ. ‘ಅ’ ಕತ್ತಿಯಲ್ಲಿ ದಪ್ಪ ಬುಡದಿಂದ ಮೊನೆಗೆ ಇಳಿಯುತ್ತಾ ಹೋಗಿದೆ. ಹಳೆಯ ಕತ್ತಿಗಳ ಗುಟ್ಟು ಅದೇ.

ಹಾಳೆಹುಳ
ಹೆಸರಿನ ಬಗ್ಗೆ. ಹಿಡಿ 16–18 ಸೆಂ.ಮೀ. ಇದ್ದರೆ ಮುಂದಿನ ಕೈ ಪೂರ್ತಿ ಕೂರುತ್ತದೆ, ಹಿಂದಿನ ಕೈಯ ಅರ್ಧ ಹಿಡಿಯ ಮೇಲೆ, ಅರ್ಧ ಪಾಮೆಲ್ ಮೇಲೆ. ಅದಕ್ಕೇ ಒಂದೂವರೆ. ಹಿಡಿ 22–25 ಸೆಂ.ಮೀ. ಆದರೆ ಎರಡೂ ಕೈ ಆರಾಮಾಗಿ ಕೂರುತ್ತವೆ, ಆದರೂ ಮಾರುಕಟ್ಟೆಯಲ್ಲಿ ಅದೇ ಹೆಸರು. ಜರ್ಮನ್ನರು ‘ಲಾಂಗೆಸ್ ಶ್ವೆರ್ಟ್’ ಅಂದರು, ಫ್ರೆಂಚರು ‘ಬಟಾರ್ಡ್’ ಅಂದರು, ಅತ್ತ ಒಂಟಿಕೈಯದ್ದೂ ಅಲ್ಲದ ಇತ್ತ ಜೋಡಿಕೈಯದ್ದೂ ಅಲ್ಲದ ಕತ್ತಿ ಅಂತ.

16ನೇ ಶತಮಾನದ ದೊಡ್ಡ ಜೋಡಿಕೈ ಕತ್ತಿಗಳನ್ನು (2 ರಿಂದ 3.5 ಕೆಜಿ) ಇದರ ಜೊತೆ ಕಲಸಬೇಡಿ. ಅವುಗಳನ್ನು ಒರೆಗೆ ಹಾಕಿ ಸೊಂಟಕ್ಕೆ ಕಟ್ಟುವಂತಿಲ್ಲ. ಇದನ್ನು ಕಟ್ಟಬಹುದು. ಕುದುರೆ ಮೇಲೆ ಒಂದು ಕೈಯಲ್ಲಿ ಕಡಿವಾಣ, ಇನ್ನೊಂದರಲ್ಲಿ ಕತ್ತಿ. ಕೆಳಗಿಳಿದರೆ ಎರಡೂ ಕೈ ಕತ್ತಿಗೆ.

ಎಳೆಮೊನೆ
ಅಡ್ಡಪಟ್ಟಿ, ಪಾಮೆಲ್ ಸರಿ. ಆದರೆ ಅಲಗಿನ ಆಕಾರ ನೂರು ತರ ಇದೆಯಲ್ಲ. ಒಂದರಲ್ಲಿ ನಡುವೆ ತೋಡು, ಇನ್ನೊಂದರಲ್ಲಿ ನಡುವೆ ಏಣು. ಯಾವುದು ‘ಸರಿಯಾದ್ದು’?

ಹಾಳೆಹುಳ
ಕಾಲ ಯಾವುದು, ಎದುರಾಳಿ ಮೈಮೇಲೆ ಏನು ತೊಟ್ಟಿದ್ದ ಅಂತ ಮೊದಲು ಕೇಳಬೇಕು. ಇಂಗ್ಲಿಷ್ ಶಸ್ತ್ರ ಸಂಶೋಧಕ ಯೂವರ್ಟ್ ಓಕ್‌ಶಾಟ್ 1960ರ ದಶಕದಲ್ಲಿ ಮಧ್ಯಯುಗದ ಕತ್ತಿಗಳನ್ನು ಅಲಗಿನ ಆಕಾರದ ಮೇಲೆ ವಿಂಗಡಿಸಿದರು, ರೋಮನ್ ಅಂಕಿ 10 ರಿಂದ 22ರವರೆಗೆ. ನಮ್ಮ ಚರ್ಚೆಗೆ ಬೇಕಾದವು ನಾಲ್ಕೈದು.

13ಎ: 13ನೇ ಶತಮಾನದ ಕೊನೆ, 14ರ ಮೊದಲರ್ಧ. ಅಗಲವಾದ ಅಲಗು, ಎರಡೂ ಅಂಚು ಹೆಚ್ಚುಕಡಿಮೆ ಸಮಾನಾಂತರ, ದುಂಡನೆಯ ಮೊನೆ. ಎದುರಿಗಿರುವುದು ಬಳೆಕವಚ (ಸಣ್ಣ ಉಂಗುರಗಳನ್ನು ಹೆಣೆದದ್ದು), ಅದರ ಕೆಳಗೆ ಹತ್ತಿಯ ದಪ್ಪ ಅಂಗಿ, ಇಲ್ಲವೇ ಕವಚವೇ ಇಲ್ಲದ ಕೈಕಾಲು. ಕಡಿಯಲಿಕ್ಕೆ ಮಾಡಿದ್ದು.

16ಎ: ಎರಡು ದೋಣಿ ಮೇಲೆ ಕಾಲಿಟ್ಟದ್ದು. ಹಿಡಿಯ ಕಡೆಯ ಅರ್ಧದಲ್ಲಿ ತೋಡು, ಮೊನೆಯ ಕಡೆಯ ಅರ್ಧದಲ್ಲಿ ಏಣು.

15ಎ: ಬುಡದಲ್ಲಿ ಅಗಲ, ಮೊನೆಗೆ ಬರುವಷ್ಟರಲ್ಲಿ ಸೂಜಿ. ಅಡ್ಡ ಕೊಯ್ದರೆ ವಜ್ರಾಕೃತಿ. 14ನೇ ಶತಮಾನ ಮುಗಿಯುವ ಹೊತ್ತಿಗೆ ತಗಡಿನ ಕವಚ ಮೈಯನ್ನು ಪೂರ್ತಿ ಮುಚ್ಚಿತ್ತು. ತಗಡನ್ನು ಕತ್ತಿ ಕಡಿಯುವುದಿಲ್ಲ, ಸಿನಿಮಾ ಏನೇ ತೋರಿಸಲಿ. ಉಳಿದ ದಾರಿ ಸಂದಿಗಳು: ಕಂಕುಳು, ಮೊಣಕೈ ಒಳಭಾಗ, ತೊಡೆಸಂದು, ಮುಖವಾಡದ ಸೀಳು. ಅಲ್ಲಿಗೆ ತೂರಲು ಬಾಗದ ಮೊನೆ ಬೇಕು.

18ಎ, 18ಬಿ, 18ಸಿ: 15ನೇ ಶತಮಾನ. ಇರಿಯಲೂ ಕಡಿಯಲೂ ಆಗುವ ರಾಜಿ. 18ಸಿ ಗುಂಪಿನ ಹಲವು ಕತ್ತಿಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಶಸ್ತ್ರಾಗಾರದಿಂದ ಬಂದವು. ಇಟಲಿಯ ಕೆಲಸ, ಮೇಲೆ ಅರಬ್ಬಿ ಬರಹ. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನಲ್ಲಿ ಕೆಲವು ಇವೆ.

ಕವಚಕ್ಕೂ ಎರಡನೆಯ ಕೈಗೂ ನಂಟು ಇದೆ. ಕೈಕಾಲಿಗೆ ತಗಡು ಬಂದ ಮೇಲೆ ಗುರಾಣಿ ಹೊರುವ ಅಗತ್ಯ ಕಡಿಮೆಯಾಯಿತು, ಎಡಗೈ ಬಿಡುವಾಯಿತು. 1361ರಲ್ಲಿ ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ವಿಸ್ಬಿ ಯುದ್ಧದಲ್ಲಿ ಸತ್ತವರ ಸಾಮೂಹಿಕ ಸಮಾಧಿಗಳಲ್ಲಿ ಮೊಣಕಾಲ ಕೆಳಗಿನ ಮೂಳೆಗಳ ಮೇಲೆ ಕಡಿತದ ಗುರುತು ಬೇಕಾದಷ್ಟು. ಕವಚ ಇಲ್ಲದ ಕಡೆಯೇ ಏಟು ಬೀಳುತ್ತಿತ್ತು.

ಸಾಣಿಕಲ್ಲ
ತೋಡಿನ ಮಾತ ಬಂತಲ್ರೀ, ಮೊದಲ ಒಂದು ಹೇಳಿಬಿಡ್ತೀನಿ. ಫುಲ್ಲರ್ ಅಂದ್ರ ‘ರಕ್ತ ಹರಿಯೋ ಕಾಲುವಿ’ ಅನ್ನೋದು ಕಟ್ಟಕತಿ. ಅದು ತೂಕ ಇಳಸಾಕ ತೆಗದಿರೋ ತೋಡು. ಅದರ ಮ್ಯಾಲ ‘ತೋಡು ತೆಗದ್ರ ಅಲಗು ಬಿರುಸಾಗತೈತಿ’ ಅಂತ ಇನ್ನೊಂದು ಐತಿ, ಅದೂ ತಪ್ಪ. ಇದ್ದ ಉಕ್ಕು ಕೆರದು ತೆಗದ್ರ ಬಿರುಸು ಹೆಂಗ ಹೆಚ್ಚಾದೀತು? ಖರೇ ಮಾತ ಅಂದ್ರ, ಅಷ್ಟ ತೂಕದಾಗ ತೆಳ್ಳಗ ಚಪ್ಪಟಿ ಅಲಗು ಮಾಡೋದಕ್ಕಿಂತ ದಪ್ಪ ಅಲಗು ಮಾಡಿ ನಡುವ ತೋಡು ತೆಗದ್ರ ಅದು ಹೆಚ್ಚು ಬಿರುಸು ಉಳಸ್ಕೊಂತೈತಿ.

ಲೆಕ್ಕ ಸರಳ ಐತಿ. ಬಾಗೋದಕ್ಕ ಎದುರು ನಿಲ್ಲೋ ಬಲ ದಪ್ಪದ ಘನದ ಪ್ರಕಾರ. ದಪ್ಪ ಅರ್ಧ ಆದ್ರ ಬಿರುಸು ಎಂಟನೇ ಒಂದ ಪಾಲಿಗೆ ಇಳೀತದ. 15ಎ ಅಲಗಿನ ನಡು ಏಣು ಇರೋದ ಅದಕ್ಕ. ಆದ್ರ ಏಣು ಎತ್ತರ ಆದಷ್ಟೂ ಕಡಿಯೋವಾಗ ಅಲಗು ಬೆಣಿ ಹೊಡದಂಗ ಸಿಗಬೀಳತೈತಿ. ಎರಡೂ ಬೇಕಂದ್ರ ಏಣಿನ ಎರಡೂ ಕಡೆ ಒಳಗ ತಗ್ಗು ಕೆರೀತಾರ. ಸಾಣಿ ಹಿಡಿಯೋ ಕೆಲಸ ದುಪ್ಪಟ್ಟು, ರೊಕ್ಕನೂ ದುಪ್ಪಟ್ಟು.

ಎಳೆಮೊನೆ
ಕತ್ತಿ ಕೈಗೆ ಬಂದ ಮೇಲೆ ದಪ್ಪ ಬಿಟ್ಟು ಬೇರೆ ಏನು ಪರೀಕ್ಷೆ ಮಾಡಬಹುದು? ಯಂತ್ರ ಏನೂ ಇಲ್ಲ ಅಂದುಕೊಳ್ಳಿ.

ತಕ್ಕಡಿ
ಮೂರು ಪರೀಕ್ಷೆ ಸಾಕು. ಹರಿತ ಇದ್ದರೆ ದಪ್ಪ ಕೈಗವಸು ಹಾಕಿಕೊಂಡು ಮಾಡಿ.

ಮೊದಲು ಕಂಪನ. ಹಿಡಿಯನ್ನು ಸಡಿಲವಾಗಿ ಹಿಡಿದು ಮೊನೆ ಮೇಲೆ ಮಾಡಿ, ಇನ್ನೊಂದು ಅಂಗೈಯಿಂದ ಪಾಮೆಲ್ ಪಕ್ಕಕ್ಕೆ ತಟ್ಟಿ. ಅಲಗು ನಡುಗುತ್ತದೆ, ಒಂದು ಜಾಗ ಮಾತ್ರ ನಿಶ್ಚಲ. ಅದು ಸಾಮಾನ್ಯವಾಗಿ ಅಲಗಿನ ಮೂರನೇ ಎರಡು ಪಾಲಿನಾಚೆ ಸಿಗುತ್ತದೆ. ಕಡಿತ ಅಲ್ಲಿ ಬಿದ್ದರೆ ಕೈಗೆ ಜುಮ್ಮೆನ್ನುವುದಿಲ್ಲ. ಇಂಥದೇ ಇನ್ನೊಂದು ನಿಶ್ಚಲ ಬಿಂದು ಹಿಡಿಯೊಳಗೆ, ಮುಂದಿನ ಕೈ ಇರುವಲ್ಲಿ ಬೀಳಬೇಕು. ಅಡ್ಡಪಟ್ಟಿಯ ಮುಂದೆ ಅಲಗಿನ ಮೇಲೆ ಬಿದ್ದಿದ್ದರೆ ಪ್ರತಿ ಏಟಿಗೂ ಕೈ ಉರಿಯುತ್ತದೆ. ಪಾಮೆಲ್‌ನ ನಿಜವಾದ ಕೆಲಸಗಳಲ್ಲಿ ಇದೊಂದು: ತೂಕ ಹೆಚ್ಚಿಸಿದಂತೆ ಆ ಹಿಂದಿನ ಬಿಂದುವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಎರಡನೆಯದು ತಿರುಗು ಬಿಂದು. ಅಡ್ಡಪಟ್ಟಿಯ ಹತ್ತಿರ ಎರಡೇ ಬೆರಳಲ್ಲಿ ಹಿಡಿಯನ್ನು ಚಿವುಟಿ ಕತ್ತಿಯನ್ನು ಕೆಳಗೆ ತೂಗುಬಿಡಿ. ಕೈಯನ್ನು ಎಡಬಲ ಪಟಪಟ ಆಡಿಸಿ. ಅಲಗಿನ ಮೇಲೆ ಯಾವ ಜಾಗ ಅಲುಗದೆ ನಿಲ್ಲುತ್ತದೋ ಅದೇ ತಿರುಗು ಬಿಂದು. ಇರಿಯಲೂ ಮಾಡಿದ ಕತ್ತಿಯಲ್ಲಿ ಅದು ಮೊನೆಯ ಹತ್ತಿರವೇ ಇರುತ್ತದೆ. ಕೈ ಎಷ್ಟೇ ಸರಿದರೂ ಮೊನೆ ಗುರಿ ಬಿಡದು. ಬಿಂದು ತುಂಬಾ ಈಚೆಗೆ ಬಂದರೆ ಇರಿತದಲ್ಲಿ ಮೊನೆ ಹಾದಿ ತಪ್ಪುತ್ತದೆ.

ಮೂರನೆಯದು ಕಿವಿ. ಅಲಗಿಗೆ ಬೆರಳಿಂದ ಠಣ್ ಅನ್ನಿಸಿ. ಜೊತೆಗೆ ಕಟಕಟ ಸದ್ದು ಬಂದರೆ ಹಿಡಿಯ ಜೋಡಣೆ ಸಡಿಲ.

ಹೆಗಲೊರೆ
ತಕ್ಕಡಿಯವರ ಲೆಕ್ಕಕ್ಕೆ ತಕರಾರಿಲ್ಲ, ಆದರೆ ‘ಹಗುರ ಇದ್ದಷ್ಟೂ ಒಳ್ಳೆಯದು’ ಅಂತ ಓದಿಕೊಂಡವರು ಕೆಡುತ್ತಾರೆ. 13ಎ ಮಾದರಿಯಲ್ಲಿ ಬಿಂದು 12–14 ಸೆಂ.ಮೀ. ಮುಂದಿದ್ದರೆ ಅದು ದೋಷವಲ್ಲ. ಏಟು ಬಿದ್ದಲ್ಲಿ ಅಲಗಿನ ತೂಕ ಬೇಕು, ಇಲ್ಲದಿದ್ದರೆ ಚರ್ಮ ಗೀರಿ ವಾಪಸ್ ಬರುತ್ತದೆ. ಮೊನೆಯನ್ನು ಅತಿಯಾಗಿ ತೆಳ್ಳಗೆ ಮಾಡಿದ ಕತ್ತಿಗಳೂ ಮಾರುಕಟ್ಟೆಯಲ್ಲಿವೆ. ಅವು ಕಡಿಯುವಾಗ ಗರಿಯಂತೆ ನಡುಗಿ, ಕಡಿದು ನೋಡಲು ಇಡುವ ಚಾಪೆ ಸುರುಳಿಯಲ್ಲಿ ಅರ್ಧಕ್ಕೆ ಬಾಗಿ ನಿಲ್ಲುತ್ತವೆ. ಆಗ ಅಂಚಿನ ದಿಕ್ಕು ಎರಡು ಮೂರು ಡಿಗ್ರಿ ತಪ್ಪಿದ್ದರೂ ಕ್ಷಮೆ ಇಲ್ಲ.

ತಕ್ಕಡಿ
ಒಪ್ಪಿದೆ. 13ಎಗೂ 15ಎಗೂ ಒಂದೇ ಸಂಖ್ಯೆಯ ಮಾನದಂಡ ಹಿಡಿಯಬಾರದು. ಆದರೆ 13ಎಯಲ್ಲೂ ದಪ್ಪ ಇಳಿದೇ ಇಳಿದಿರುತ್ತದೆ. ಸಮದಪ್ಪಕ್ಕೆ ಅದು ನೆಪವಾಗದು.

ಹಾಳೆಹುಳ
ಬಳಸುವ ಬಗ್ಗೆ ಯಾರೂ ಮಾತೆತ್ತಿಲ್ಲ. ಅದಿಲ್ಲದೆ ಹಿಡಿಯ ಉದ್ದ ಯಾಕೆ ಹಾಗಿದೆ ಅನ್ನುವುದು ಗೊತ್ತಾಗದು. ಜರ್ಮನ್ ಕತ್ತಿವರಸೆ ಪದ್ಧತಿ 14ನೇ ಶತಮಾನದ ಯೊಹಾನೆಸ್ ಲಿಖ್ಟೆನೌವರ್ ಹೆಸರಿನದು. ಅವನ ಒಗಟಿನಂಥ ಪದ್ಯಗಳಿಗೆ 15ನೇ ಶತಮಾನದಲ್ಲಿ ವ್ಯಾಖ್ಯಾನಗಳು ಬಂದವು. 1452ರ ಒಂದು ಹಸ್ತಪ್ರತಿ ರೋಮಿನಲ್ಲಿದೆ. ಇಟಲಿಯಲ್ಲಿ ಕತ್ತಿವರಸೆಯ ಗುರು ಫಿಯೋರೆ ದೇಯ್ ಲಿಬೆರಿ, 1410ರ ಆಸುಪಾಸು.

ಲಿಖ್ಟೆನೌವರನ ನಾಲ್ಕು ನಿಲುವುಗಳು: ಎತ್ತು, ನೇಗಿಲು, ಪೆದ್ದ, ಮತ್ತು ಸೂರಿನಿಂದ. ನಮ್ಮ ಹೊಲದ ಕಡೆಯ ಹೆಸರುಗಳ ಹಾಗೇ ಇವೆ! ‘ಎತ್ತು’ ಅಂದರೆ ಹಿಡಿ ತಲೆಯ ಪಕ್ಕ, ಮೊನೆ ಎದುರಾಳಿಯ ಮುಖಕ್ಕೆ, ಕೊಂಬಿನ ಹಾಗೆ. ‘ನೇಗಿಲು’ ಅಂದರೆ ಹಿಡಿ ಸೊಂಟದ ಪಕ್ಕ, ಮೊನೆ ಮೇಲ್ಮುಖ. ‘ಪೆದ್ದ’ನಲ್ಲಿ ಮೊನೆ ನೆಲಕ್ಕೆ, ತಲೆ ಬಯಲು. ಹೊಡಿ ಬಾ ಅಂತ ಕರೆಯುವ ಬಲೆ.

ಎರಡು ಕತ್ತಿ ತಾಗಿದ ಮೇಲೆ ನಿಜವಾದ ಆಟ. ಅಡ್ಡಪಟ್ಟಿಯಿಂದ ನಡುವಿನವರೆಗೆ ಅಲಗಿನ ‘ಬಲ’, ಅಲ್ಲಿಂದ ಮೊನೆಗೆ ‘ದುರ್ಬಲ’. ನಿಮ್ಮ ಬಲ ಅವನ ದುರ್ಬಲದ ಮೇಲಿದ್ದರೆ ತಳ್ಳಿ ಇರಿಯಿರಿ. ಅವನು ಬಿರುಸಾಗಿ ಒತ್ತಿದರೆ ಬಿಟ್ಟುಕೊಟ್ಟು ಇನ್ನೊಂದು ಕಡೆಯಿಂದ ಹೊಡೆಯಿರಿ. ಈ ಒತ್ತಡ ಅಳೆಯುವುದಕ್ಕೇ ಅವರು ‘ಫ್ಯೂಲೆನ್’, ತಾಗಿ ತಿಳಿಯುವುದು, ಅಂದದ್ದು. ಇಲ್ಲಿ ಹಿಂದಿನ ಕೈ ಸನ್ನೆಕೋಲಿನ ತುದಿ. ಮುಂದಿನ ಕೈ ತಳ್ಳಿದಾಗ ಹಿಂದಿನದು ಎಳೆಯುತ್ತದೆ. ಎರಡು ಕೈ ನಡುವೆ 12–15 ಸೆಂ.ಮೀ. ಅಂತರ ಸಿಕ್ಕಿದರೆ ಸಣ್ಣ ಚಲನೆಗೇ ಮೊನೆ ಅರ್ಧ ಮೀಟರ್ ಸುತ್ತಿ ಬರುತ್ತದೆ. ಗಾಲಿಯಂಥ ದಪ್ಪ ಪಾಮೆಲ್‌ಗಿಂತ ಸೀಸೆಬಿರಡೆಯಂಥ ಉದ್ದನೆಯ ಪಾಮೆಲ್ ಅಂಗೈಗೆ ಚೆನ್ನಾಗಿ ಒಗ್ಗುವುದೂ ಇಲ್ಲೇ.

ಉದ್ದದ ಬಗ್ಗೆ 1480ರ ದಶಕದ ಇಟಲಿಯ ಕತ್ತಿವರಸೆ ಗುರು ಫಿಲಿಪ್ಪೊ ವಾದಿ ಕೊಟ್ಟ ಅಳತೆ: ಮೊನೆ ನೆಲಕ್ಕೆ ಊರಿದರೆ ಪಾಮೆಲ್ ಕಂಕುಳಿಗೆ ಬರಬೇಕು. 170 ಸೆಂ.ಮೀ. ಎತ್ತರದವರಿಗೆ ಅದು 125 ಸೆಂ.ಮೀ. ದಾಟುತ್ತದೆ. ಎಳೆಮೊನೆಯವರ 116 ಸೆಂ.ಮೀ. ಕತ್ತಿ ವಾದಿಯ ಪಾಲಿಗೆ ಗಿಡ್ಡ.

ಎಳೆಮೊನೆ
ಹಳೇ ಚಿತ್ರಗಳಲ್ಲಿ ಅಲಗನ್ನೇ ಕೈಯಲ್ಲಿ ಹಿಡಿದು ಪಾಮೆಲ್‌ನಿಂದ ಹೊಡೀತಾರಲ್ಲ? ಕೈ ಕುಯ್ಯಲ್ವಾ?

ಹೆಗಲೊರೆ
ಜರ್ಮನ್ ಕತ್ತಿವರಸೆ ಗುರು ಹಾನ್ಸ್ ತಾಲ್‌ಹೋಫರ್‌ನ 1467ರ ಚಿತ್ರಗಳಲ್ಲಿ ಬೇಕಾದಷ್ಟು ಇವೆ. ಎರಡು ಬೇರೆ ಬೇರೆ ಪಟ್ಟು. ಒಂದು ‘ಅರ್ಧಗತ್ತಿ’: ಬಲಗೈ ಹಿಡಿಯಲ್ಲಿ, ಎಡಗೈ ಅಲಗಿನ ನಡುವೆ. ಕತ್ತಿ ಆಗ ಗಿಡ್ಡ ಈಟಿ, ಮೊನೆಯನ್ನು ಕವಚದ ಸಂದಿಗೆ ನೂಕಬಹುದು. ಇನ್ನೊಂದು ‘ಮೊರ್ಡ್‌ಹೌ’: ಎರಡೂ ಕೈಯಲ್ಲಿ ಅಲಗು, ಪಾಮೆಲ್ ಅಥವಾ ಅಡ್ಡಪಟ್ಟಿಯೇ ಸುತ್ತಿಗೆ.

ಕೈ ಕುಯ್ಯದಿರುವ ಕಾರಣ: ಅಂಚು ಚರ್ಮದ ಮೇಲೆ ಜಾರಿದರೆ ಸೀಳುತ್ತದೆ, ಬರೀ ಒತ್ತಿದರೆ ಸುಲಭಕ್ಕೆ ಸೀಳದು. ಅಲಗಿನ ಎರಡು ಚಪ್ಪಟೆ ಮುಖಗಳನ್ನು ಅಂಗೈ ಮತ್ತು ಬೆರಳ ತುದಿಗಳ ನಡುವೆ ಅಮುಕಿ ಹಿಡಿಯುತ್ತಾರೆ, ಅಂಚು ಬೆರಳ ಗೆಣ್ಣಿನ ಮಡಿಕೆಗೆ ತಾಗದ ಹಾಗೆ. ಹಿಡಿತ ಸಡಿಲವಾಗಿ ಎದುರಾಳಿ ಕತ್ತಿ ಎಳೆದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಇದನ್ನು ಹರಿತ ಕತ್ತಿಯಲ್ಲಿ ಪ್ರಯೋಗ ಮಾಡಿ ನೋಡಬೇಡಿ.

ನಿರ್ವಾಹಕ
ಮಾತು ಬಂತೆಂದು ಒಂದು ಟಿಪ್ಪಣಿ. 1959ರ ಶಸ್ತ್ರ ಕಾಯ್ದೆಯ ಅಡಿಯ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಹರಿತ ಆಯುಧಗಳು ಬರುತ್ತವೆ. ಹೊರದೇಶದಿಂದ ತರಿಸುವ ಮೊದಲೇ ವಿಚಾರಿಸಿಕೊಳ್ಳಿ. ಅಭ್ಯಾಸಕ್ಕಾದರೆ ಮೊಂಡು ಕತ್ತಿ ಸಾಕು.

ಹೆಗಲೊರೆ
ಅಭ್ಯಾಸಕ್ಕೆ ಬೇಕಾದ್ದು ಫೆಡರ್ ಅನ್ನುವ ಮೊಂಡು ಕತ್ತಿ. ಅಲಗು ಕಡ್ಡಿಯ ಹಾಗೆ ಕಿರಿದು, ಅಡ್ಡಪಟ್ಟಿಯ ಮುಂದೆ ರೆಕ್ಕೆಯಂತೆ ಅಗಲ. ಆ ಅಗಲದಿಂದಲೇ ತೂಕ ಹಿಂದೆ ನಿಲ್ಲುತ್ತದೆ. ಅಂಚು ದಪ್ಪ, ಮೊನೆ ದುಂಡಗೆ ಸುತ್ತಿರಬೇಕು. ಇರಿದಾಗ ಅಲಗಿನ ಮುಂದಿನ ಅರ್ಧ ಬಾಗಬೇಕು, ಬಾಗದಿದ್ದರೆ ಅದು ಸರಳು. ಮುಖವಾಡ, ಕತ್ತುಪಟ್ಟಿ, ತಲೆಯ ಹಿಂಬದಿಗೆ ಹೊದಿಕೆ, ಬೆರಳಿಗೆ ಗಟ್ಟಿ ಗವಸು. ತೆಳು ಚರ್ಮದ ಗವಸು ಈ ಆಟಕ್ಕೆ ಆಗದು, ಮೊದಲು ಮುರಿಯುವುದೇ ಬೆರಳು. ಪ್ರತಿ ಅಭ್ಯಾಸದ ನಂತರ ಅಂಚಿನ ಮೇಲೆ ಬಟ್ಟೆ ಎಳೆಯಿರಿ. ನೂಲು ಸಿಕ್ಕಿಕೊಂಡಲ್ಲಿ ಚೂಪು ಎದ್ದಿದೆ, ಅರದಿಂದ ಉಜ್ಜಿ.

ಸಾಣಿಕಲ್ಲ
ಉಕ್ಕು ಮತ್ತ ಹಿಡಿ ಜೋಡಣಿ ಬಗ್ಗೆ. ಸ್ಟೇನ್‌ಲೆಸ್ ಅಂತ ಬರದಿದ್ರ ಗ್ವಾಡಿಗೆ ತೂಗು ಹಾಕ್ರಿ, ಬೀಸಬ್ಯಾಡ್ರಿ. ಅಷ್ಟು ಉದ್ದ ಅಲಗಿಗೆ ಅದು ಆಗೂದಿಲ್ಲ, ಪಟ್ ಅಂತ ಮುರದು ಹಾರತೈತಿ. ಇ.ಎನ್. 45, 5160, 6150 ಇವು ಸ್ಪ್ರಿಂಗ್ ಉಕ್ಕು, ಲಾರಿ ಪಾಟಾದ ಜಾತಿ. ಹದ ರಾಕ್‌ವೆಲ್ ಸಿ (ಗಡಸುತನ ಅಳಿಯೋ ಮಾಪ) 48 ರಿಂದ 53ರ ನಡುವ ಇರಬೇಕು. ಕಡಿಮಿ ಆದ್ರ ಬಾಗಿದ್ದು ಬಾಗಿದಂಗ ಉಳೀತೈತಿ, ಹೆಚ್ಚಾದ್ರ ಅಂಚು ಚೂರು ಏಳತೈತಿ. ಹಳೇ ಕತ್ತಿ ಎಲ್ಲಾ ಹಿಂಗ ಒಂದ ಹದದಾಗ ಇದ್ವು ಅನ್ಕೋಬ್ಯಾಡ್ರಿ. ಮೆತ್ತನ ಕಬ್ಬಿಣಕ್ಕ ಉಕ್ಕಿನ ಅಂಚು ಬೆಸದವೂ ಅದಾವ.

ಟ್ಯಾಂಗ್ ಅಂದ್ರ ಹಿಡಿಯೊಳಗ ಹೋಗೋ ಅಲಗಿನ ಬಾಲ. ಅದು ಅಲಗಿನ ಜೋಡಿ ಒಂದ ತುಂಡಿರಬೇಕು, ಬುಡದಾಗ ಅಗಲ ಇರಬೇಕು, ಭುಜದ (ಅಲಗು ಕಿರಿದಾಗಿ ಟ್ಯಾಂಗ್ ಆಗೋ ಜಾಗ) ಮೂಲಿ ದುಂಡಗಿರಬೇಕು. ಮೂಲಿ ಚೌಕ ಕೊಯ್ದಿದ್ರ ಬಿರುಕು ಅಲ್ಲೇ ಹುಟ್ಟತೈತಿ. ಸಣ್ಣ ಬೋಲ್ಟು ಬೆಸಿಗಿ ಹಾಕಿದ್ದು ಇದ್ರ ಒಂದಿನ ಅಲಗು ಎದುರಿದ್ದವರ ಕಡೆ, ಹಿಡಿ ನಿಮ್ಮ ಕೈಯಾಗ.

ಹಿಡಿ ಹಿಂಗ ಮಾಡೋದು: 10 ಮಿ.ಮೀ. ಕಟಗಿ ಪಟ್ಟಿ ಎರಡು, ಟ್ಯಾಂಗಿನ ಆಕಾರ ಒಳಗ ಕೆತ್ತಿ ಅಂಟು ಹಾಕಿ ಜೋಡಸ್ರಿ. ಮ್ಯಾಲ 1 ಮಿ.ಮೀ. ನೂಲಿನ ಹುರಿ ಒತ್ತೊತ್ತಾಗಿ ಸುತ್ರಿ. ಅದರ ಮ್ಯಾಲ 1 ಮಿ.ಮೀ. ಚರ್ಮ, ಕೂಡು ಅಂಚು ಎರಡೂ ಕಡೆ ಕೆತ್ತಿ ತೆಳ್ಳಗ ಮಾಡಿ, ತೊಯ್ಸಿ, ಅಂಟಿಸಿ, ಮತ್ತ ಹುರಿ ಬಿಗದು ಒಂದ ದಿನ ಬಿಡ್ರಿ. ಬಿಚ್ಚಿದ ಮ್ಯಾಲ ಹುರಿ ಗೆರಿ ಚರ್ಮದಾಗ ಉಳೀತಾವ, ಕೈ ಜಾರೂದಿಲ್ಲ.

ಉಪ್ಪುಗಾಳಿ
ಮಾರಾಯ್ರೆ, ಕರಾವಳಿಯಲ್ಲಿ ಇರುವವರು ಒಂದು ವಿಷಯ ನೆನಪಿಡಿ. ಕತ್ತಿಯನ್ನು ಚರ್ಮದ ಒರೆಯೊಳಗೆ ಇಟ್ಟು ಮಳೆಗಾಲ ಕಳೆದರೆ ಕೆಂಪು ತುಕ್ಕು ಖಂಡಿತ. ಚರ್ಮ ತೇವ ಹೀರುತ್ತದೆ, ಅದನ್ನು ಹದ ಮಾಡಿದ ರಾಸಾಯನಿಕವೂ ಉಕ್ಕಿಗೆ ಆಗುವುದಿಲ್ಲ. ಹೊರಗೆ ಇಡಿ. ಬೆರಳಚ್ಚು ಒರೆಸಿ ಹೊಲಿಗೆ ಮಷೀನಿನ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಅಡ್ಡಪಟ್ಟಿಯ ಸಂದಿಗೆ ಎಣ್ಣೆ ಸುರಿಯಬೇಡಿ, ಒಳಗಿನ ಮರ ಹೀರಿ ಅಂಟು ಬಿಡುತ್ತದೆ.

ಹಾಳೆಹುಳ
ಉಕ್ಕಿನ ಮಾತಿಗೆ ಒಂದು ಅಡ್ಡಮಾತು. ಇಂಗ್ಲಿಷಿನ ‘ವೂಟ್ಸ್’ (ದಕ್ಷಿಣ ಭಾರತದ ಹಳೆಯ ಮೂಸೆ ಉಕ್ಕು) ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಾಗಂತ ಈ ಯುರೋಪಿನ ಕತ್ತಿಗಳನ್ನು ವೂಟ್ಸ್‌ನಿಂದ ಮಾಡಿದ್ದರು ಅನ್ನುವ ವಾಟ್ಸಪ್ ಸಂದೇಶ ನಂಬಬೇಡಿ, ಅವರ ಕುಲುಮೆಯ ದಾರಿ ಬೇರೆ. ನಿಜವಾದ ನಂಟು ಆಮೇಲಿನದು: 16–17ನೇ ಶತಮಾನದಲ್ಲಿ ಯುರೋಪಿನ ಅಲಗು ದಖ್ಖನಕ್ಕೆ ಬಂದು, ಇಲ್ಲಿಯ ಹಿಡಿ ಕೂಡಿಸಿಕೊಂಡು ‘ಫಿರಂಗಿ’ ಕತ್ತಿ ಆಯಿತು. ಕನ್ನಡದಲ್ಲಿ ಅದೇ ಶಬ್ದ ತೋಪಿಗೆ ಹೋಯಿತು.

ಎಳೆಮೊನೆ
‘ಅ’ ಅಂತ ತೀರ್ಮಾನ. ಕೊನೆಗೊಂದು: ಅದರ ಪಾಮೆಲ್‌ಗೆ ನಟ್ ಇದೆ, ಟ್ಯಾಂಗಿನ ತುದಿ ಬಡಿದು ಕೂರಿಸಿಲ್ಲ. ಮುಂದೆ ಸಡಿಲ ಆದರೆ?

ಸಾಣಿಕಲ್ಲ
ನಟ್ ಇದ್ರ ಛಲೋನ ಆತು, ಬಿಚ್ಚಿ ನೋಡಬಹುದು. ಕಟಗಿ ಒಣಗಿ ಕುಗ್ಗಿದಾಗ ಸಡಿಲ ಬರತೈತಿ, ಬರೀ ನಟ್ ತಿರುವಕೋಂತ ಹೋಗಬ್ಯಾಡ್ರಿ, ಕಟಗಿ ಸೀಳತೈತಿ. ಮೊದಲ ಅಡ್ಡಪಟ್ಟಿ ಎಲ್ಲಿ ಅಲುಗತೈತಿ ನೋಡ್ರಿ. ಭುಜದ ಹತ್ರ ಸಂದಿ ಇದ್ರ ಗಟ್ಟಿ ಕಟಗಿ ಚಕ್ಕಿ ಇಲ್ಲಾ ತೆಳು ಹಿತ್ತಾಳಿ ತಗಡು ಎಪಾಕ್ಸಿ ಹಚ್ಚಿ ಕೂಡಸ್ರಿ, ಒಂದ ದಿನ ಬಿಟ್ಟು ನಟ್ ಕೈಬಿಗಿ ಮಾಡಿ ಮತ್ತ ಕಾಲು ಸುತ್ತು. ಬಡದು ಕೂರಿಸಿದ್ದಾದ್ರ ಅಲಗಿಗೆ ಚರ್ಮ ಸುತ್ತಿ ವೈಸಿನಾಗ ಹಿಡದು ಸಣ್ಣ ಬಾಲ್‌ಪೀನ್ ಸುತ್ತಿಗಿಂದ ಅಂಚಿನಿಂದ ಸುತ್ತ ಸುತ್ತ ಹಗುರಕ ಬಡೀರಿ. ಜೋರಾಗಿ ನಾಕ ಏಟು ಹೊಡದ್ರ ಟ್ಯಾಂಗಿನ ತುದಿ ಬಿರೀತೈತಿ. ಬೆಂಕಿ ಹಚ್ಚಾಕ ಹೋಗಬ್ಯಾಡ್ರಿ, ಕಟಗಿ ಸುಡತೈತಿ, ಭುಜದ ಹದಾನೂ ಹೋಗತೈತಿ.